24 ವರ್ಷದ ಮಗ ಡಾಕ್ಟರ ಹತ್ತಿರ ಬರಲು ಒಪ್ಪುತ್ತಿಲ್ಲ, ಹೇಗೆ ಕರೆದುಕೊಂಡು ಹೋಗುವುದು?

ಪ್ರಶ್ನೆ: ಡೊಂಬಿವಲಿ ಅಮ್ಮ

ನಮಸ್ಕಾರ. ನಾವು ಡೊಂಬಿವಲಿ ಪೂರ್ವದಲ್ಲಿದ್ದೇವೆ, ಊರು ಉಡುಪಿ ಕಡೆ. ಮಗನಿಗೆ 24 ವರ್ಷ. ಇಂಜಿನಿಯರಿಂಗ್ ಮುಗಿಸಿ ಐರೋಲಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಐದು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ಬಿಟ್ಟ. ಈಗ ರಾತ್ರಿಯೆಲ್ಲ ಎದ್ದಿರುತ್ತಾನೆ, ಬೆಳಗಿನ ಜಾವ ಮಲಗುತ್ತಾನೆ. ಮೇಲಿನ ಮನೆಯವರು ತನ್ನ ಬಗ್ಗೆ ಮಾತಾಡಿಕೊಳ್ಳುವುದು ಕೇಳಿಸುತ್ತದಂತೆ. ಕಿಟಕಿಗೆ ಪೇಪರ್ ಅಂಟಿಸಿದ್ದಾನೆ, ಫೋನನ್ನು ಅಕ್ಕಿ ಡಬ್ಬದೊಳಗೆ ಇಡುತ್ತಾನೆ. ಊಟ ಮೂಸಿ ನೋಡಿ ಉಣ್ಣುತ್ತಾನೆ. ಸ್ನಾನ ವಾರಕ್ಕೊಮ್ಮೆ. ಒಬ್ಬನೇ ನಗುತ್ತಾನೆ. ಇಲ್ಲಿಯವರೆಗೆ ಯಾರ ಮೇಲೂ ಕೈ ಮಾಡಿಲ್ಲ.

ಡಾಕ್ಟರ ಹತ್ತಿರ ಹೋಗೋಣ ಅಂದರೆ "ನನಗೇನಾಗಿದೆ? ಹುಚ್ಚು ನಿಮಗೆ" ಎಂದು ಬಾಗಿಲು ಹಾಕಿಕೊಳ್ಳುತ್ತಾನೆ. ಇವರು ಊರಿಗೆ ಕರೆದುಕೊಂಡು ಹೋಗಿ ಜೋಯಿಸರ ಹತ್ತಿರ ಪ್ರಶ್ನೆ ಇಡಿಸೋಣ ಅನ್ನುತ್ತಾರೆ. ಅತ್ತಿಗೆ, ಮದುವೆ ಮಾಡಿದರೆ ಸರಿಹೋಗುತ್ತಾನೆ ಅನ್ನುತ್ತಾರೆ. ಬಿಲ್ಡಿಂಗಿನಲ್ಲಿ ಒಬ್ಬರು, ರುಚಿಯಿಲ್ಲದ ಡ್ರಾಪ್ಸ್ ಸಿಗುತ್ತದೆ, ಚಹಾದಲ್ಲಿ ಹಾಕಿ ಕೊಡಿ, ಅವನಿಗೆ ಗೊತ್ತೇ ಆಗುವುದಿಲ್ಲ ಎಂದರು. ಇನ್ನೊಬ್ಬರು ಗಾಡಿ ಕಳಿಸಿ ಎತ್ತಿಕೊಂಡು ಹೋಗುವ ಸೆಂಟರಿನ ನಂಬರ್ ಕೊಟ್ಟಿದ್ದಾರೆ. ನನಗೆ ಯಾವುದಕ್ಕೂ ಧೈರ್ಯ ಬರುತ್ತಿಲ್ಲ. ಒಪ್ಪಿಸಿ ಕರೆದುಕೊಂಡು ಹೋಗುವ ದಾರಿ ಇದೆಯೇ? ಒಪ್ಪದೇ ಹೋದರೆ ಏನು ಮಾಡಬಹುದು, ಏನು ಮಾಡಬಾರದು?

ಉತ್ತರ: ಮುಲುಂಡ್ ಸೋಶಿಯಲ್ ವರ್ಕರ್

ಅಮ್ಮಾ, ಡ್ರಾಪ್ಸ್ ಹಾಕದೆ, ಗಾಡಿ ಕರೆಸದೆ ಮೊದಲು ಕೇಳಿದಿರಲ್ಲ, ಒಳ್ಳೆಯದಾಯಿತು. ನೀವು ಬರೆದದ್ದನ್ನು ನೋಡಿದರೆ ಮನೋವೈದ್ಯರು ಸೈಕೋಸಿಸ್ ಎಂದು ಕರೆಯುವ ಸ್ಥಿತಿ, ಅಂದರೆ ಇಲ್ಲದ ಧ್ವನಿ ಕೇಳಿಸುವುದು, ಆಧಾರವಿಲ್ಲದ ಸಂಶಯ ಗಟ್ಟಿಯಾಗುವುದು, ಇರಬಹುದು. ಅದು ಯಾವುದರಿಂದ ಬಂತು ಎಂದು ಅವನನ್ನು ನೋಡದೆ ಯಾರೂ ಹೇಳಲಾರರು. ಸ್ಕಿಜೋಫ್ರೇನಿಯಾ, ಬೈಪೋಲಾರ್, ತೀವ್ರ ಖಿನ್ನತೆ, ಗಾಂಜಾ, ಥೈರಾಯ್ಡ್, ಅಪಸ್ಮಾರ, ಮೆದುಳಿನ ಉರಿಯೂತ, ಇವೆಲ್ಲದರಲ್ಲೂ ಹೀಗಾಗುವುದುಂಟು. ಕಾಯಿಲೆಗೆ ಹೆಸರಿಡುವ ಕೆಲಸ ಡಾಕ್ಟರಿಗೆ ಬಿಡಿ. ತಡ ಮಾತ್ರ ಬೇಡ. ಚಿಕಿತ್ಸೆಯಿಲ್ಲದೆ ಕಳೆದ ತಿಂಗಳುಗಳು ಹೆಚ್ಚಿದಷ್ಟೂ ಚೇತರಿಕೆ ಕಷ್ಟವಾಗುತ್ತ ಹೋಗುತ್ತದೆ.

ಎಲ್ಲಕ್ಕಿಂತ ಮೊದಲು ಇವತ್ತೇ ಒಂದು ವಿಷಯ ಕೇಳಿ ತಿಳಿದುಕೊಳ್ಳಿ. ಅವನು ಸ್ವಲ್ಪ ಶಾಂತವಾಗಿರುವಾಗ ನೇರವಾಗಿ ಕೇಳಿ: "ಮಗಾ, ಸಾಯಬೇಕು ಅಂತ ಅನ್ನಿಸ್ತದಾ? ಆ ಮಾತಾಡುವವರು ನಿನಗೆ ಏನಾದರೂ ಮಾಡು ಅಂತ ಹೇಳ್ತಾರಾ?" ಕೇಳಿದ್ದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಗೆ ಬರುತ್ತದೆ. ಹೌದು ಎಂದರೆ, ಅಥವಾ ಎರಡು ದಿನ ಅನ್ನ ನೀರು ಮುಟ್ಟದಿದ್ದರೆ, ಮುಂದೆ ಬರೆದ ನಿಧಾನದ ದಾರಿ ನಿಮಗಲ್ಲ. ಅವನನ್ನು ಒಬ್ಬನೇ ಬಿಡಬೇಡಿ, ಮಾತ್ರೆ, ಫಿನಾಯಿಲ್, ಸೊಳ್ಳೆ ಔಷಧಿ, ಚಾಕು ಕಪಾಟಿನಲ್ಲಿ ಬೀಗ ಹಾಕಿ, ಬಾಲ್ಕನಿ ಬಾಗಿಲಿನ ಬೀಗದ ಕೈ ನಿಮ್ಮ ಹತ್ತಿರ ಇಟ್ಟುಕೊಳ್ಳಿ, ಅದೇ ದಿನ ದೊಡ್ಡಾಸ್ಪತ್ರೆಯ ಕ್ಯಾಶುವಾಲ್ಟಿಗೆ ಹೋಗಿ. ನಿಮ್ಮ ಲೋಕಲ್ ಲೈನಿನಲ್ಲೇ ಸಾಯನ್ ಆಸ್ಪತ್ರೆ ಮತ್ತು ಪರೇಲಿನ ಕೆಇಎಂ ಆಸ್ಪತ್ರೆ ಇವೆ, ಎರಡರಲ್ಲೂ ಮನೋವೈದ್ಯ ವಿಭಾಗ ಇದೆ.

ಅಂಥ ಅಪಾಯ ಇಲ್ಲವಾದರೆ ಕೆಲವು ವಾರಗಳ ಕೆಲಸ ಇದು.

"ನನಗೇನಾಗಿದೆ" ಅನ್ನುವುದನ್ನು ಹಟವೆಂದು ತಿಳಿಯಬೇಡಿ. ಕಾಲು ಮುರಿದರೆ ನೋವು ಮೆದುಳಿಗೆ ಗೊತ್ತಾಗುತ್ತದೆ. ಇಲ್ಲಿ ಗೊತ್ತುಮಾಡಿಕೊಳ್ಳಬೇಕಾದ ಮೆದುಳಿಗೇ ಏಟು ಬಿದ್ದಿರುತ್ತದೆ. ತನಗೆ ಕಾಯಿಲೆ ಇದೆ ಎಂಬ ಅರಿವಿಲ್ಲದಿರುವುದು ಸೈಕೋಸಿಸ್‌ನಲ್ಲಿ ಬಹಳ ಸಾಮಾನ್ಯ, ಅದು ಕಾಯಿಲೆಯದೇ ಒಂದು ಭಾಗ. ಹಾಗಾಗಿ ಸಾಕ್ಷಿ ತೋರಿಸಿ ಗೆಲ್ಲಲಾಗುವುದಿಲ್ಲ. ಮೇಲಿನ ಮನೆಯವರನ್ನೇ ಕರೆದು "ನಾವು ಏನೂ ಮಾತಾಡಿಲ್ಲಪ್ಪ" ಎಂದು ಹೇಳಿಸಿದರೆ, ಅಮ್ಮನೂ ಅವರ ಜೊತೆ ಸೇರಿದ್ದಾಳೆ ಎಂದೇ ಅವನು ತೀರ್ಮಾನಿಸುತ್ತಾನೆ. ಅವನ ಮಾತಿಗೆ ತಲೆಯಾಡಿಸಿ "ಹೌದು, ಅವರು ಹಾಗೇ" ಅನ್ನುವುದೂ ಬೇಡ; ಭಯ ಇನ್ನೂ ಗಟ್ಟಿಯಾಗುತ್ತದೆ.

ಹಾಗಾದರೆ ಏನು ಹೇಳುವುದು? ಅವನ ಕಷ್ಟವನ್ನು ಒಪ್ಪಿ, ಕಾರಣವನ್ನು ಬಿಡಿ. "ಅವರ ಮಾತು ನನಗೆ ಕೇಳಿಸಲಿಲ್ಲ. ಆದರೆ ನಿನಗೆ ಕೇಳಿಸ್ತದೆ ಅಂತ ನಾನು ನಂಬ್ತೇನೆ. ರಾತ್ರಿಯೆಲ್ಲ ಅದನ್ನು ಕೇಳ್ತಾ ಇರುವುದು ಎಷ್ಟು ಕಷ್ಟ!" ಇಷ್ಟು ಹೇಳಿ ಸುಮ್ಮನಿರಿ. ಆ ಮೌನದಲ್ಲಿ ಅವನು ಮುಂದೆ ಮಾತಾಡುತ್ತಾನೆ, ತಕ್ಷಣ ಅಲ್ಲದಿದ್ದರೆ ನಾಲ್ಕನೆಯ ಸಲ. "ನೀನು ನನ್ನನ್ನು ನಂಬ್ತೀಯೋ ಇಲ್ಲವೋ" ಎಂದು ಒತ್ತಿ ಕೇಳಿದರೆ ಸುಳ್ಳು ಹೇಳಬೇಡಿ: "ನನಗೆ ಬೇರೆ ಥರ ಕಾಣ್ತದೆ, ನಾನು ತಪ್ಪಿರಲೂಬಹುದು. ಇದಕ್ಕಾಗಿ ನಾವಿಬ್ಬರು ಜಗಳ ಮಾಡುವುದು ಬೇಡ."

ಮಾತಿನ ಗುರಿ "ನನಗೆ ಕಾಯಿಲೆ ಇದೆ" ಎಂದು ಒಪ್ಪಿಸುವುದಾಗಬಾರದು. ಅವನಿಗೇ ಬೇಡವಾದದ್ದು ಏನು ಎಂದು ಹುಡುಕಿ. ನಿಮ್ಮ ಮಗನ ವಿಷಯದಲ್ಲಿ ನನಗೆ ಕಾಣುವುದು ನಿದ್ದೆ. ಐದು ತಿಂಗಳು ಸರಿಯಾಗಿ ಮಲಗದವನಿಗೆ ತಲೆ ಭಾರ, ಎದೆ ಹೊಡೆತ, ಸುಸ್ತು ಇದ್ದೇ ಇರುತ್ತದೆ. "ನಿದ್ದೆ ಸರಿಮಾಡಿಕೊಳ್ಳುವುದಕ್ಕೆ ಒಬ್ಬರನ್ನು ಕಾಣೋಣವಾ?" ಎಂಬ ಮಾತಿಗೆ ಒಪ್ಪಿಗೆ ಸಿಗುವ ಸಾಧ್ಯತೆ ಇದೆ, ಮತ್ತು ಅದು ಸುಳ್ಳೂ ಅಲ್ಲ, ನಿದ್ದೆಯ ತೊಂದರೆಗೂ ಮನೋವೈದ್ಯರೇ ಸರಿಯಾದವರು. ಒಪ್ಪಿದರೆ ಆಯ್ಕೆ ಅವನ ಕೈಗೆ ಕೊಡಿ: ಮಂಗಳವಾರವೋ ಶನಿವಾರವೋ, ಗಂಡು ಡಾಕ್ಟರೋ ಹೆಣ್ಣು ಡಾಕ್ಟರೋ, ಒಳಗೆ ನೀವು ಬರಬೇಕೋ ಬೇಡವೋ. ವಿಡಿಯೋ ಕಾಲ್ ಬೇಡ, ಫೋನಿನ ಮೇಲೆಯೇ ಅವನಿಗೆ ಸಂಶಯ ಇದೆ.

ಯಾರು, ಯಾವಾಗ ಮಾತಾಡಬೇಕು ಎಂಬುದೂ ಮುಖ್ಯ. ಅವನು ಈಗಲೂ ಯಾರ ಹತ್ತಿರ ಮಾತಾಡುತ್ತಾನೋ ಅವರೊಬ್ಬರೇ. ಎದ್ದು ಊಟ ಮಾಡಿದ ಮೇಲೆ, ಟಿವಿ ಆರಿಸಿ, ಎದುರಿಗೆ ಬಾಗಿಲು ಕಟ್ಟಿ ನಿಲ್ಲದೆ ಪಕ್ಕದಲ್ಲಿ ಕುಳಿತು, ಹತ್ತು ನಿಮಿಷ. ವಾರಕ್ಕೆ ಎರಡು ಮೂರು ಸಲಕ್ಕಿಂತ ಹೆಚ್ಚು ಬೇಡ. ಚಿಕ್ಕಪ್ಪ, ಮಾವ, ಸೊಸೈಟಿ ಸೆಕ್ರೆಟರಿ ಎಲ್ಲರೂ ಸೇರಿ ಹಾಲಿನಲ್ಲಿ ಕುಳಿತು ಬುದ್ಧಿ ಹೇಳಿದರೆ ಒಂದು ತಿಂಗಳ ಕೆಲಸ ಹಾಳು. ಮುಂಬಯಿಯಲ್ಲಿ ಬೆಳೆದ ಹುಡುಗನಿಗೆ "ಥಾಣೆಗೆ ಕಳಿಸ್ತೇನೆ" ಅಂದರೆ ಏನರ್ಥ ಎಂದು ಗೊತ್ತು. ಸಿಟ್ಟಿನಲ್ಲೂ ಆ ಮಾತು ಬಾಯಿಂದ ಬರಬಾರದು. ನಾಳೆ ನಿಜವಾಗಿಯೂ ಥಾಣೆಯ ಪ್ರಾದೇಶಿಕ ಮನೋರೋಗ ಆಸ್ಪತ್ರೆಯ ಒಪಿಡಿಗೆ ಹೋಗಬೇಕಾಗಿ ಬಂದರೆ ಅದೇ ಮಾತು ಅಡ್ಡ ಬರುತ್ತದೆ.

ಊಟದ ಸಂಶಯಕ್ಕೆ: ಎಲ್ಲರಿಗೂ ಒಂದೇ ಪಾತ್ರೆಯಿಂದ, ಅವನೇ ಬಡಿಸಿಕೊಳ್ಳಲಿ, ನೀವು ಮೊದಲು ತುತ್ತು ಹಾಕಿ. ಬಾಳೆಹಣ್ಣು, ಬೇಯಿಸಿದ ಇಡೀ ಮೊಟ್ಟೆ, ಒಡೆಯದ ಬಿಸ್ಕಿಟ್ ಪ್ಯಾಕೆಟ್ ಕೈಗೆಟುಕುವಂತೆ ಇಡಿ.

ಅವನು ಒಪ್ಪುವವರೆಗೆ ಕಾಯದೆ ನೀವಿಬ್ಬರೇ ಒಮ್ಮೆ ಮನೋವೈದ್ಯರನ್ನು ಕಾಣಿ. ಹೆಚ್ಚಿನವರು ಇದಕ್ಕೆ ಒಪ್ಪುತ್ತಾರೆ, ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ "ರೋಗಿ ಬರುವುದಿಲ್ಲ, ತಂದೆತಾಯಿ ಬರುತ್ತೇವೆ" ಎಂದು ಹೇಳಿ. ನೋಡದೆ ಔಷಧಿ ಬರೆದುಕೊಡಿ ಎಂದು ಒತ್ತಾಯಿಸಬೇಡಿ, ಬರೆಯಬಾರದು ಕೂಡ. ಮನೆಗೆ ಬಂದು ನೋಡುವವರು ಇದ್ದಾರೆಯೇ ಎಂದು ಕೇಳಿ. ಹೋಗುವಾಗ ಒಂದೇ ಪುಟ ಬರೆದುಕೊಂಡು ಹೋಗಿ: ಮೊದಲ ಬದಲಾವಣೆ ಕಂಡ ತಿಂಗಳು, ಕಳೆದ 14 ದಿನ ಎಷ್ಟು ಗಂಟೆ ಮಲಗಿದ, ಎಷ್ಟು ಸಲ ಉಂಡ, ಅವನು ಆಡಿದ ಮಾತು ಅವನ ಪದಗಳಲ್ಲೇ, ತಲೆಗೆ ಪೆಟ್ಟು, ಫಿಟ್ಸ್, ಜ್ವರ, ಗಾಂಜಾ, ಮದ್ಯ, ಎರಡೂ ಕಡೆಯ ಕುಟುಂಬದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಅಥವಾ ಆತ್ಮಹತ್ಯೆ. ಈ ಕೊನೆಯದನ್ನು ಬಹಳ ಮನೆಗಳಲ್ಲಿ ಮುಚ್ಚಿಡುತ್ತಾರೆ. ದಯವಿಟ್ಟು ಮುಚ್ಚಿಡಬೇಡಿ, ಯಾವ ಔಷಧಿ ಕೊಡಬೇಕು ಎಂಬುದರ ಮೇಲೂ ಅದರ ಪ್ರಭಾವ ಇರುತ್ತದೆ.

ಭಾಷೆಯ ಬಗ್ಗೆ ಒಂದು ಮಾತು. ಕನ್ನಡ ಬಲ್ಲ ಡಾಕ್ಟರೇ ಬೇಕು ಎಂದು ನಮ್ಮವರು ಹುಡುಕುತ್ತಾರೆ, ನಿಮಗೆ ಅದು ಸಮಾಧಾನ, ಸರಿ. ಆದರೆ ಡೊಂಬಿವಲಿಯಲ್ಲಿ ಬೆಳೆದವನಿಗೆ ಮನಸ್ಸಿನ ಒಳಗಿನ ಮಾತು ಮರಾಠಿಯಲ್ಲೋ ಹಿಂದಿಯಲ್ಲೋ ನಡೆಯುತ್ತಿರಬಹುದು. ಅವನ ಭಾಷೆ ನೋಡಿ ಆರಿಸಿ. ಮಧ್ಯರಾತ್ರಿ ಏನು ಮಾಡುವುದೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416, ಇಡೀ ದಿನ ತೆರೆದಿರುತ್ತದೆ, ಉಚಿತ, ಮನೆಯವರೂ ಕರೆ ಮಾಡಬಹುದು.

ಉತ್ತರ: ಚೆಂಬೂರ್ ಫಾರ್ಮಸಿ

ಅಕ್ಕಾ, ಡ್ರಾಪ್ಸ್ ವಿಷಯ ಮಾತ್ರ ನಾನು ಬರೆಯುತ್ತೇನೆ.

ಅವರು ಹೇಳಿದ ರುಚಿಯಿಲ್ಲದ ಡ್ರಾಪ್ಸ್ ಸಾಮಾನ್ಯವಾಗಿ ಹ್ಯಾಲೊಪೆರಿಡಾಲ್, ಇಲ್ಲವೇ ರಿಸ್ಪೆರಿಡೋನ್ ದ್ರವ, ಎರಡೂ ಸೈಕೋಸಿಸ್‌ಗೆ ಕೊಡುವ ಔಷಧಿ. ಹ್ಯಾಲೊಪೆರಿಡಾಲ್ ದ್ರವದಲ್ಲಿ 1 ಮಿಲಿಗೆ 2 ಮಿಲಿಗ್ರಾಂ ಔಷಧಿ ಇರುತ್ತದೆ. ಕಣ್ಣಳತೆಯಲ್ಲಿ ಹನಿ ಹಾಕಿದರೆ ಒಂದು ದಿನ ಕಡಿಮೆ, ಒಂದು ದಿನ ದುಪ್ಪಟ್ಟು. ಇನ್ನು ಚಹಾ: ಈ ಎರಡು ಔಷಧಿಗೂ ಚಹಾ ಆಗುವುದಿಲ್ಲ, ಬೆರೆಸಿದರೆ ಔಷಧಿ ಕೆಡುತ್ತದೆ. ಅರ್ಧ ಕಪ್ ಕುಡಿದು ಬಿಟ್ಟರೆ ಎಷ್ಟು ಹೊಟ್ಟೆಗೆ ಹೋಯಿತು ಎಂದು ದೇವರಿಗೇ ಗೊತ್ತು. ಆಮೇಲೆ ಡಾಕ್ಟರು "ಈ ಔಷಧಿಗೆ ಗುಣ ಕಂಡಿತಾ?" ಎಂದು ಕೇಳಿದರೆ ನಿಮ್ಮಲ್ಲಿ ಉತ್ತರ ಇರುವುದಿಲ್ಲ.

ದೊಡ್ಡ ಅಪಾಯ ಇನ್ನೊಂದು. ಹ್ಯಾಲೊಪೆರಿಡಾಲ್ ಶುರುಮಾಡಿದ ಮೊದಲ ಕೆಲವು ಗಂಟೆಗಳಿಂದ ನಾಲ್ಕೈದು ದಿನದೊಳಗೆ ಕುತ್ತಿಗೆ ಒಂದು ಕಡೆ ತಿರುಚಿಕೊಳ್ಳುವುದು, ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ನಿಲ್ಲುವುದು, ನಾಲಗೆ ಹೊರಳದಿರುವುದು, ದವಡೆ ಕಚ್ಚಿಕೊಳ್ಳುವುದು ಆಗಬಹುದು. ಹರೆಯದ ಗಂಡುಮಕ್ಕಳಲ್ಲಿ ಇದು ಹೆಚ್ಚು, ಅಂದರೆ ಸರಿಯಾಗಿ ನಿಮ್ಮ ಮಗನ ವಯಸ್ಸು. ಗೊತ್ತಿದ್ದು ಔಷಧಿ ತೆಗೆದುಕೊಂಡವನಿಗೆ ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟರೆ ಬೇಗ ಇಳಿಯುತ್ತದೆ. ಗೊತ್ತಿಲ್ಲದೆ ಕುಡಿದವನು ಏನೆಂದುಕೊಳ್ಳುತ್ತಾನೆ? ನನಗೆ ವಿಷ ಹಾಕಿದ್ದಾರೆ ಎಂದು. ಆ ಸಲ ಅವನ ಸಂಶಯ ನಿಜವೇ ಆಗಿರುತ್ತದೆ. ಈಗಲೇ ಊಟ ಮೂಸಿ ನೋಡುವವನು ಮತ್ತೆ ನಿಮ್ಮ ಕೈಯ ನೀರು ಮುಟ್ಟುವುದಿಲ್ಲ.

ಯಾರಾದರೂ ಈಗಾಗಲೇ ಕೊಟ್ಟಿದ್ದರೆ: ನಿಲ್ಲಿಸಿ, ಬಾಟಲಿಯನ್ನೇ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ, ಎಷ್ಟು ದಿನ ಎಷ್ಟು ಹನಿ ಎಂದು ಹೇಳಿ. ಮೈ ಮರದಂತೆ ಬಿಗಿದು ಜ್ವರ ಏರಿ ಮಂಕಾದರೆ ತುರ್ತು, ತಡಮಾಡದೆ ಆಸ್ಪತ್ರೆ. ಇವು ಚೀಟಿಯಿಲ್ಲದೆ ಮಾರಬಾರದ ಔಷಧಿಗಳು, ಪರಿಚಯದ ಅಂಗಡಿ ಎಂದು ತರಿಸಿಕೊಳ್ಳಬೇಡಿ. "ನಿದ್ದೆ ಮಾತ್ರೆ" ಎಂದು ಅಲ್ಪ್ರಜೋಲಮ್ ತಂದು ಕೊಡುವುದೂ ಹಾಗೇ. ಅದು ಸಂಶಯಕ್ಕೂ ಧ್ವನಿಗೂ ಔಷಧಿಯಲ್ಲ, ಅಭ್ಯಾಸ ಹಿಡಿಯುತ್ತದೆ.

ಉತ್ತರ: ಪುಣೆ ವಕೀಲ, ಮೂಲ ಧಾರವಾಡ

ಅಕ್ಕಾರ, ಕಾನೂನಿನ ಭಾಗ ನಾನು ಹೇಳ್ತೀನಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿ ಅದ. ಮಗ 18 ದಾಟಿದಾನ, ಹಂಗಾಗಿ ತಂದೆತಾಯಿ ಅನ್ನೂ ಒಂದೇ ಕಾರಣಕ್ಕ ನಿಮ್ಮ ಸಹಿ ಮ್ಯಾಲೆ ಅವನನ್ನ ಭರ್ತಿ ಮಾಡಲಿಕ್ಕೆ ಬರೂದಿಲ್ಲ. ಅವನೇ ಒಪ್ಪಿ ಸಹಿ ಮಾಡಿದರ ಸ್ವತಂತ್ರ ರೋಗಿ, ಅದೇ ಎಲ್ಲಾಕ್ಕಿಂತ ಚಲೋ ದಾರಿ.

ಒಪ್ಪದೇ ಇದ್ದಾಗ 89ನೇ ಕಲಂ ಅದ, ಬೆಂಬಲಿತ ದಾಖಲಾತಿ. ಇದಕ್ಕ ಮೂರರಾಗ ಒಂದಾದರೂ ಇರಬೇಕು: ಇತ್ತೀಚೆಗೆ ತನಗ ತಾನೇ ಹಾನಿ ಮಾಡಿಕೊಳ್ಳಲಿಕ್ಕೆ ಹೋಗಿರಬೇಕು ಅಥವಾ ಹಂಗ ಹೆದರಿಸಿರಬೇಕು, ಬೇರೆಯವರ ಮ್ಯಾಲೆ ಹಿಂಸೆ ಮಾಡಿರಬೇಕು ಅಥವಾ ಅವರಿಗೆ ಆ ಭಯ ಹುಟ್ಟಿಸಿರಬೇಕು, ಇಲ್ಲಾ ತನ್ನ ಆರೈಕೆ ತಾನು ಮಾಡಿಕೊಳ್ಳಲಾರದ ತನಗ ಹಾನಿ ಆಗೂ ಅಪಾಯ ತಂದುಕೊಂಡಿರಬೇಕು. ಸ್ನಾನ ಮಾಡೂದಿಲ್ಲ, ಕೆಲಸಕ್ಕ ಹೋಗೂದಿಲ್ಲ ಅನ್ನೂದು ಇದರಾಗ ಬರೂದಿಲ್ಲ. ಊಟ ನೀರು ಬಿಟ್ಟು ಸೊರಗಿದರ ಬರ್ತದ. ಒಬ್ಬ ಮನೋವೈದ್ಯರು ಮತ್ತೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು, ಇಬ್ಬರೂ ಬೇರೆಬೇರೆಯಾಗಿ ಅವತ್ತು ಅಥವಾ ಹಿಂದಿನ 7 ದಿನದೊಳಗ ಅವನನ್ನ ನೋಡಿ ಬೇಕು ಅಂತ ಬರೀಬೇಕು. ಅರ್ಜಿ ನಾಮನಿರ್ದೇಶಿತ ಪ್ರತಿನಿಧಿ ಕೊಡಬೇಕು. ಮಿತಿ 30 ದಿನ. ಆಸ್ಪತ್ರೆಯವರು 7 ದಿನದೊಳಗ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ (ಇಂಥ ದಾಖಲಾತಿ ಸರಿ ಅದ ಏನು ಅಂತ ನೋಡೂ ಮಂಡಳಿ) ತಿಳಿಸಬೇಕು, ರೋಗಿ ಹೆಣ್ಣುಮಗಳಾದರ 3 ದಿನ. ಮಗ ಒಪ್ಪದಿದ್ದರ ಅವನೇ ಮಂಡಳಿಗೆ ಅರ್ಜಿ ಹಾಕಬಹುದು, ಆ ಹಕ್ಕು ಅವನದು.

ನಾಮನಿರ್ದೇಶಿತ ಪ್ರತಿನಿಧಿ ಅಂದರ ಅವನು ಆರಿಸಿದ ಮನುಷ್ಯ. ಖಾಲಿ ಹಾಳೆ ಮ್ಯಾಲೆ ಬರೆದು ಅವನ ಸಹಿ ಇದ್ದರ ಸಾಕು, ಸ್ಟಾಂಪ್ ಪೇಪರ್ ಬೇಡ. ಅವನು ಯಾರನ್ನೂ ಹೆಸರಿಸದಿದ್ದರ ಸಂಬಂಧಿಕರು, ಅಂದರ ನೀವು ಬರ್ತೀರಿ. ಅವನು ಶಾಂತ ಇದ್ದಾಗ ಈ ಹಾಳೆ ಬರೆಸಿಡ್ರಿ. ಯಾರನ್ನ ನಂಬ್ತಾನ ಅಂತ ಅವನ ಬಾಯಿಂದಲೇ ಗೊತ್ತಾಗ್ತದ, ಅದು ಅಪ್ಪ ಇರಲಿಕ್ಕಿಲ್ಲ, ಅಮ್ಮನೂ ಇರಲಿಕ್ಕಿಲ್ಲ, ಒಬ್ಬ ಗೆಳೆಯ ಇರಬಹುದು.

ಗಾಡಿ ಕಳಿಸೂ ಸೆಂಟರಿನವರಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳ್ರಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ನಂಬರ್ ಏನು? ಯಾವ ಮನೋವೈದ್ಯರು, ಯಾವತ್ತು ನೋಡ್ತಾರ? ನಾವು ಯಾವಾಗ ಭೇಟಿಗೆ ಬರಬಹುದು? "ಮೂರು ತಿಂಗಳು ಭೇಟಿ ಇಲ್ಲ, ಫೋನ್ ಇಲ್ಲ" ಅಂದರ ಅಲ್ಲಿಗೇ ಬಿಡ್ರಿ. ಭೇಟಿ ಮತ್ತು ಫೋನ್ ರೋಗಿಯ ಹಕ್ಕು ಅಂತ 26ನೇ ಕಲಂನಾಗ ಅದ. ಸರಪಳಿ ಹಾಕೂದು ಯಾವ ಕಾರಣಕ್ಕೂ ನಿಷಿದ್ಧ, 95ನೇ ಕಲಂ. ರಾತ್ರಿ ನಾಲ್ಕು ಮಂದಿ ಬಂದು ಕೈಕಾಲು ಕಟ್ಟಿ ಎತ್ತಿಕೊಂಡು ಹೋದರೆ, ಮುಂದ ಅವನು ಯಾವ ಡಾಕ್ಟರನ್ನೂ ನಂಬೂದಿಲ್ಲ. ಮನೆಯವರನ್ನಂತೂ ಕೇಳಬ್ಯಾಡ್ರಿ.

ಖರೇನ ತುರ್ತು ಬಂದರ 94ನೇ ಕಲಂ. ಜೀವಕ್ಕ ಅಪಾಯ, ತನಗ ಅಥವಾ ಬೇರೆಯವರಿಗೆ ಗಂಭೀರ ಹಾನಿ, ಅಥವಾ ಆಸ್ತಿಗೆ ದೊಡ್ಡ ನಷ್ಟ ತಡೀಲಿಕ್ಕೆ ಯಾವುದೇ ನೋಂದಾಯಿತ ವೈದ್ಯರು, ಮನೋವೈದ್ಯರೇ ಆಗಬೇಕಂತಿಲ್ಲ, 72 ತಾಸಿನ ತನಕ ತುರ್ತು ಚಿಕಿತ್ಸೆ ಕೊಡಬಹುದು, ಹತ್ತಿರದ ಮಾನಸಿಕ ಆಸ್ಪತ್ರೆಗೆ ಸಾಗಿಸೂದೂ ಇದರಾಗ ಸೇರ್ತದ. ಆಂಬುಲೆನ್ಸ್ 108. ಪೊಲೀಸರು ಬೇಕೇಬೇಕು ಅನ್ನಿಸಿದರ 112. ಕರೆ ಮಾಡಿದಾಗ ಮೊದಲನೇ ವಾಕ್ಯದಾಗ "ಮಗನಿಗೆ ಮಾನಸಿಕ ಅಸ್ವಸ್ಥತೆ, ಕೈಯಾಗ ಆಯುಧ ಅದ" ಅಥವಾ "ಇಲ್ಲ" ಅಂತ ಹೇಳ್ರಿ, ಬರುವವರ ತಯಾರಿ ಅದರ ಮ್ಯಾಲೆ ನಿಂತಿರ್ತದ. 100ನೇ ಕಲಂ ಪ್ರಕಾರ ಪೊಲೀಸರು ಅವನನ್ನ 24 ತಾಸಿನೊಳಗ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿನಾಗ ಇಡೂಹಂಗಿಲ್ಲ.

ಖರ್ಚಿನ ಬಗ್ಗೆ: 21ನೇ ಕಲಂ ಪ್ರಕಾರ ಆರೋಗ್ಯ ವಿಮೆ ದೈಹಿಕ ಕಾಯಿಲೆಗೆ ಹೆಂಗೋ ಮಾನಸಿಕಕ್ಕೂ ಹಂಗೇ ಕೊಡಬೇಕು. ಅವನ ಕಂಪನಿ ವಿಮೆ ಕೆಲಸ ಬಿಟ್ಟ ಮ್ಯಾಲೆ ನಿಂತಿರ್ತದ, ನಿಮ್ಮ ಪಾಲಿಸಿಯಾಗ ಅವನ ಹೆಸರು ಇನ್ನೂ ಅದ ಏನು ನೋಡ್ರಿ. ಮಕ್ಕಳ ವಯಸ್ಸಿನ ಮಿತಿ ಒಂದೊಂದು ಪಾಲಿಸಿಗೆ ಒಂದೊಂದು ಇರ್ತದ.

ಮರುಪ್ರಶ್ನೆ: ಡೊಂಬಿವಲಿ ಅಮ್ಮ

ಎಲ್ಲರಿಗೂ ಕೈ ಮುಗಿಯುತ್ತೇನೆ. ಸಾಯುವ ಯೋಚನೆ ಇಲ್ಲವಂತೆ, ಕೇಳಿದೆ. ನಿದ್ದೆಯ ಮಾತು ಎತ್ತಿದೆ. ಮೂರನೆಯ ಸಲಕ್ಕೆ "ನಿದ್ದೆಗೆ ಮಾತ್ರ ಬರ್ತೇನೆ, ಅಪ್ಪ ಬರಬಾರದು, ದೊಡ್ಡ ಆಸ್ಪತ್ರೆ ಬೇಡ" ಅಂದಿದ್ದಾನೆ. ಥಾಣೆಯಲ್ಲಿ ಒಬ್ಬ ಮನೋವೈದ್ಯರ ಕ್ಲಿನಿಕ್‌ನಲ್ಲಿ ಶನಿವಾರಕ್ಕೆ ಹೆಸರು ಬರೆಸಿದ್ದೇನೆ. ಅಲ್ಲಿ ಏನಾಗುತ್ತದೆ, ನಾನು ಏನು ನೋಡಿಕೊಳ್ಳಬೇಕು? ಇವರು ಇನ್ನೂ ಊರಿನ ಟಿಕೆಟ್ ನೋಡುತ್ತಿದ್ದಾರೆ.

ಉತ್ತರ: ಮುಲುಂಡ್ ಸೋಶಿಯಲ್ ವರ್ಕರ್

ಅವನ ಮೂರೂ ಷರತ್ತು ಒಪ್ಪಿಬಿಡಿ. ಕ್ಲಿನಿಕ್‌ಗೆ ಮೊದಲೇ ಫೋನ್ ಮಾಡಿ ನಿಮ್ಮ ಆ ಒಂದು ಪುಟ ತಲುಪಿಸಿ, ಕಾಯುವ ಜಾಗದಲ್ಲಿ ಹೆಚ್ಚು ಹೊತ್ತು ಕೂರಿಸದಂತೆ ಕೇಳಿಕೊಳ್ಳಿ. ದಿನದ ಕೊನೆಯ ಅಪಾಯಿಂಟ್‌ಮೆಂಟ್ ಆದರೆ ಉತ್ತಮ, ಅವನು ಏಳುವುದೇ ಮಧ್ಯಾಹ್ನ. ಲೋಕಲ್ ಟ್ರೇನ್ ಬೇಡ. ಆ ನೂಕುನುಗ್ಗಲಿನಲ್ಲಿ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ಅರ್ಧದಲ್ಲೇ ಇಳಿದುಬಿಡಬಹುದು, ಪ್ಲಾಟ್‌ಫಾರ್ಮ್ ಅಂಚೂ ಅಪಾಯ. ಟ್ಯಾಕ್ಸಿ ಮಾಡಿ.

ಒಳಗೆ ಡಾಕ್ಟರು ಮೊದಲು ಅವನ ಜೊತೆ ಒಬ್ಬರೇ ಮಾತಾಡಲಿ. ಅವನ ಉತ್ತರವನ್ನು ನೀವು ತಿದ್ದಬೇಡಿ, "ಸುಳ್ಳು ಹೇಳ್ತಾನೆ ಡಾಕ್ಟ್ರೇ" ಎಂಬ ಒಂದು ಮಾತಿಗೆ ಅವನು ಎದ್ದು ಹೋಗಬಹುದು. ಅವನು ವಯಸ್ಕ, ಹಾಗಾಗಿ ಅವನ ಒಪ್ಪಿಗೆಯಿಲ್ಲದೆ ಡಾಕ್ಟರು ಅವನ ಗುಟ್ಟು ನಿಮಗೆ ಹೇಳುವುದಿಲ್ಲ. ಆದರೆ ನೀವು ಹೇಳುವುದನ್ನು ಕೇಳಿಸಿಕೊಳ್ಳಲು ಅವರಿಗೆ ಅಡ್ಡಿಯಿಲ್ಲ. "ಔಷಧಿ ಬಗ್ಗೆ ಅಮ್ಮನ ಜೊತೆ ಮಾತಾಡಬಹುದಾ?" ಎಂದು ಅವರೇ ಅವನನ್ನು ಕೇಳುವಂತೆ ಹೇಳಿಡಿ. ರಕ್ತ ಪರೀಕ್ಷೆ ಬರೆದರೆ ಮಾಡಿಸಿ: ಥೈರಾಯ್ಡ್, ಬಿ12, ಸಕ್ಕರೆ, ಕೊಬ್ಬು, ಲಿವರ್, ಕಿಡ್ನಿ. ಗಾಂಜಾ ಸಂಶಯ ಇದ್ದರೆ ಮೂತ್ರ ಪರೀಕ್ಷೆ, ಅದು ಅವನಿಗೆ ಹೇಳಿಯೇ. ಮೊದಲ ದಿನವೇ ಅವನು ಎಲ್ಲವನ್ನೂ ಬಾಯಿಬಿಡದಿರಬಹುದು. ಎರಡನೆಯ ಭೇಟಿಗೆ ಬರಲು ಒಪ್ಪಿದರೆ ಆ ಶನಿವಾರ ಸಾರ್ಥಕ.

ಯಜಮಾನರ ಬಗ್ಗೆ. ಅವರ ನಂಬಿಕೆಗೆ ಎದುರು ನಿಂತು ಇನ್ನೊಂದು ಜಗಳ ಕಟ್ಟಿಕೊಳ್ಳಬೇಡಿ. ಪ್ರಶ್ನೆ ಇಡಿಸುವುದಾದರೆ ಅವರೊಬ್ಬರೇ ಊರಿಗೆ ಹೋಗಿ ಇಡಿಸಲಿ, ಹರಕೆ ಹೇಳಿಕೊಳ್ಳಲಿ, ಮಗ ಇಲ್ಲೇ ಇರಲಿ. ಕೊಂಕಣ ರೈಲಿನಲ್ಲಿ ಒಂದು ರಾತ್ರಿ ನಿದ್ದೆ ಕೆಟ್ಟರೆ ಈ ಸ್ಥಿತಿಯಲ್ಲಿ ಹಿನ್ನಡೆಯಾಗಬಹುದು, ಮೇಲೆ ತೆರೆದ ಬಾಗಿಲಿನ ಬೋಗಿ. ದೇವರ ಕೆಲಸ, ಔಷಧಿ ಎರಡೂ ಜೊತೆಗೆ ನಡೆಯಲಿ, ಆದರೆ ಉಪವಾಸ ಹಾಕಿಸುವುದು, ಹೊಡೆಯುವುದು, ಹೊಗೆ ಹಾಕುವುದು, ಔಷಧಿ ಬಿಡಿಸುವುದು ಮಾತ್ರ ಕೂಡದು. ಭೂತ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು ಮಹಾರಾಷ್ಟ್ರದ 2013ರ ಜಾದೂಟೋಣಾ (ಮಾಟಮಂತ್ರ) ವಿರೋಧಿ ಕಾಯ್ದೆಯಲ್ಲಿ ಅಪರಾಧ. ಮದುವೆಯ ಮಾತನ್ನು ಈಗ ಯಾರೂ ಎತ್ತಬಾರದು. ನಿದ್ದೆಗೆಡುವ ಗದ್ದಲ, ಹೊಸ ಮನುಷ್ಯರು, ಮುಚ್ಚಿಟ್ಟ ಔಷಧಿ, ಮೂರೂ ಕಾಯಿಲೆ ಮರುಕಳಿಸುವ ದಾರಿಗಳು. ಇನ್ನೊಂದು ಮನೆಯ ಹೆಣ್ಣುಮಗಳ ಬದುಕೂ ಅದರೊಳಗೆ ಸಿಕ್ಕಿಕೊಳ್ಳುತ್ತದೆ.

ಥಾಣೆಯಲ್ಲೇ ಮಾನಸಿಕ ಆರೋಗ್ಯಕ್ಕಾಗಿ ಕೆಲಸ ಮಾಡುವ ಐಪಿಎಚ್ ಸಂಸ್ಥೆ ಇದೆ, ಪುಣೆಯಲ್ಲಿ ಸ್ಕಿಜೋಫ್ರೇನಿಯಾ ಅವೇರ್‌ನೆಸ್ ಅಸೋಸಿಯೇಷನ್ ಮನೆಯವರಿಗಾಗಿ ಗುಂಪು ಸಭೆ ನಡೆಸುತ್ತದೆ. ಯಜಮಾನರನ್ನು ಅಂಥ ಒಂದು ಸಭೆಗೆ ಕರೆದುಕೊಂಡು ಹೋಗಿ. ಹೆಂಡತಿ ಹೇಳಿದರೆ ಕೇಳದವರು ಇನ್ನೊಬ್ಬ ತಂದೆ ಹೇಳಿದರೆ ಕೇಳುತ್ತಾರೆ.

ಉತ್ತರ: ಮಡಗಾಂವ್ ನರ್ಸ್

ಗೋವಾದವರು ಯಾರಾದರೂ ಓದುತ್ತಿದ್ದರೆ: ಬಾಂಬೋಳಿಯಲ್ಲಿ ಮೆಡಿಕಲ್ ಕಾಲೇಜಿನ ಸಮೀಪವೇ ಸರ್ಕಾರದ ಮನೋರೋಗ ಸಂಸ್ಥೆ, ಐಪಿಎಚ್‌ಬಿ, ಇದೆ.

ಅಕ್ಕಾ, ಔಷಧಿ ಶುರುವಾದ ಮೇಲಿನದನ್ನು ನಾನು ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಅಲ್ಲಿ. ನಿದ್ದೆ, ಚಡಪಡಿಕೆ ಮೊದಲ ವಾರದಲ್ಲೇ ಸುಧಾರಿಸಬಹುದು. ಧ್ವನಿ, ಸಂಶಯ ಕರಗುವುದಕ್ಕೆ ವಾರಗಳು ಬೇಕು. ಸರಿಯಾದ ಪ್ರಮಾಣದಲ್ಲಿ ನಾಲ್ಕರಿಂದ ಆರು ವಾರ ಕೊಡದೆ ಔಷಧಿ ಹಿಡಿಯಲಿಲ್ಲ ಎನ್ನಬೇಡಿ. ಕಾಲು ಒಂದು ಕಡೆ ನಿಲ್ಲದೆ ಓಡಾಡುತ್ತಲೇ ಇದ್ದರೆ ಅದನ್ನು ಕಾಯಿಲೆ ಹೆಚ್ಚಾಯಿತು ಎಂದು ತಿಳಿಯುತ್ತಾರೆ, ಎಷ್ಟೋ ಸಲ ಅದು ಔಷಧಿಯ ಅಡ್ಡಪರಿಣಾಮ. ಡಾಕ್ಟರಿಗೆ ಅದೇ ದಿನ ಹೇಳಿ, ಪ್ರಮಾಣ ಇಳಿಸುತ್ತಾರೆ ಅಥವಾ ಬದಲಿಸುತ್ತಾರೆ. ಕೈ ನಡುಕ, ಮೈ ಬಿಗಿತ, ಜೊಲ್ಲು, ಹಗಲು ತೂಕಡಿಕೆ, ಹೊಟ್ಟೆ ಹಸಿವು ಇವೂ ಹಾಗೇ ಹೇಳಬೇಕಾದವು. ತೂಕ ಮೊದಲ ದಿನವೇ ಬರೆದಿಡಿ, ವಾರಕ್ಕೊಮ್ಮೆ ನೋಡಿ. ಓಲಾನ್ಜಪಿನ್‌ನಂಥ ಔಷಧಿಯಲ್ಲಿ ತೂಕ ಬೇಗ ಏರುತ್ತದೆ, ಹರೆಯದವರು ಮಾತ್ರೆ ಬಿಡುವುದಕ್ಕೆ ಅದೊಂದು ದೊಡ್ಡ ಕಾರಣ. ನಾಚಿಕೆಯಿಂದ ಬಾಯಿಬಿಡುವುದಿಲ್ಲ, ಸದ್ದಿಲ್ಲದೆ ನಿಲ್ಲಿಸುತ್ತಾರೆ.

ಮಾತ್ರೆ ಕೊಡುವುದು ಕಾವಲಿನಂತೆ ಆಗಬಾರದು. "ಬಾಯಿ ತೆರೆ, ನಾಲಗೆ ಎತ್ತು" ಎಂದು ದಿನಾ ಪರೀಕ್ಷೆ ಮಾಡಿದರೆ ಅವನು ಸಿಂಕಿಗೆ ಉಗಿಯುವುದನ್ನು ಕಲಿಯುತ್ತಾನೆ. ವಾರದ ಡಬ್ಬಿ ತಂದು ಭಾನುವಾರ ಅವನ ಕೈಯಿಂದಲೇ ತುಂಬಿಸಿ, ರಾತ್ರಿ ಊಟದ ತಟ್ಟೆಯ ಪಕ್ಕ ಇಡಿ. ಮರೆತ ದಿನ ಮರುದಿನ ಎರಡು ಕೊಡಬೇಡಿ. ಪದೇಪದೇ ತಪ್ಪುತ್ತಿದ್ದರೆ ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ ಎಂದು ಡಾಕ್ಟರು ಅವನಿಗೇ ವಿವರಿಸಲಿ. ದಿನಾ ಮಾತ್ರೆಯ ಜಗಳ ತಪ್ಪುತ್ತದೆ ಎಂದು ಅದನ್ನು ತಾವೇ ಕೇಳಿ ಪಡೆಯುವವರಿದ್ದಾರೆ.

ಗುಣ ಕಂಡ ಮೂರನೇ ತಿಂಗಳಿಗೆ "ಈಗ ಸರಿಯಿದ್ದಾನಲ್ಲ" ಎಂದು ಮನೆಯವರೇ ನಿಲ್ಲಿಸುವುದುಂಟು. ಮೊದಲ ಸಲದ ಸೈಕೋಸಿಸ್‌ಗೆ ಸಾಮಾನ್ಯವಾಗಿ ಕನಿಷ್ಠ ಒಂದರಿಂದ ಎರಡು ವರ್ಷ ಔಷಧಿ ಮುಂದುವರಿಸುತ್ತಾರೆ, ಆಮೇಲೂ ಡಾಕ್ಟರು ಹೇಳಿದಂತೆ ಮೆಲ್ಲಮೆಲ್ಲನೆ ಇಳಿಸುವುದೇ ಹೊರತು ಒಮ್ಮೆಲೇ ಅಲ್ಲ. ಮತ್ತೆ ಬರುವ ಮುನ್ಸೂಚನೆ ಅವನಲ್ಲಿ ಏನು ಎಂಬುದು ನಿಮಗೆ ಈಗಲೇ ಗೊತ್ತು: ನಿದ್ದೆ ತಪ್ಪುವುದು, ಕಿಟಕಿಗೆ ಪೇಪರ್, ಫೋನ್ ಅಕ್ಕಿ ಡಬ್ಬಕ್ಕೆ. ಅವನು ಚೇತರಿಸಿಕೊಂಡ ಮೇಲೆ ಆ ಪಟ್ಟಿಯನ್ನು ಅವನ ಜೊತೆ ಕುಳಿತು ಬರೆಯಿರಿ, "ಇದರಲ್ಲಿ ಎರಡು ಕಂಡರೆ ನಾನು ಡಾಕ್ಟರಿಗೆ ಫೋನ್ ಮಾಡ್ತೇನೆ, ಆಗಬಹುದಾ?" ಎಂದು ಕೇಳಿ, ಅವನ ಕೈಯಲ್ಲೇ ಸಹಿ ಮಾಡಿಸಿ ಫ್ರಿಜ್ಜಿನ ಒಳಬಾಗಿಲಿಗೆ ಅಂಟಿಸಿಡಿ. ಹೊರಬಾಗಿಲಿಗೆ ಬೇಡ, ಬಂದುಹೋದವರೆಲ್ಲ ಓದುತ್ತಾರೆ.

ಚೌತಿಗೆ ಊರಿಗೆ ಹೋಗುವ ಹೊತ್ತಿಗೆ ಡಾಕ್ಟರು ಪ್ರಯಾಣಕ್ಕೆ ಸರಿ ಎಂದರೆ, ಇರುವ ದಿನಕ್ಕಿಂತ ಹತ್ತು ದಿನದ ಮಾತ್ರೆ ಹೆಚ್ಚು ಕಟ್ಟಿಕೊಳ್ಳಿ. ಊರಿನ ಅಂಗಡಿಯಲ್ಲಿ ಅದೇ ಕಂಪನಿಯದು ಸಿಗದಿರಬಹುದು. ಚೀಟಿಯ ಫೋಟೋ ನಿಮ್ಮ ಫೋನಿನಲ್ಲಿರಲಿ, ಮಾತ್ರೆ ಸೀಟಿನ ಕೆಳಗಿನ ಟ್ರಂಕಿನಲ್ಲಿ ಬೇಡ, ಕೈಚೀಲದಲ್ಲಿರಲಿ.